ವಿಸಿಲಿಗೆ ಕಾದ ಹನ್ನೊಂದು ಸೆಕೆಂಡು

ಕಳೆದ ತಿಂಗಳು ಪುತ್ತೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆಯ ಔತಣಕ್ಕೆ ಹೋಗಿದ್ದೆ. ಆಮಂತ್ರಣ ಪತ್ರಿಕೆಯಲ್ಲಿ ಸಭಾಂಗಣದ ಹೆಸರು ಹೊಸದಾಗಿತ್ತು. ರಿಕ್ಷಾದಿಂದ ಇಳಿದ ಮೇಲೆಯೇ ಗೊತ್ತಾದದ್ದು, ಅದು ನಮ್ಮ ಹಳೆಯ ಒಳಾಂಗಣ ಕ್ರೀಡಾಂಗಣ. ತಗಡಿನ ಮಾಡು ಹಾಗೆಯೇ ಇತ್ತು. ಬಾಸ್ಕೆಟ್‌ಬಾಲ್ ಕಂಬಗಳನ್ನು ಗೋಡೆಯ ಬದಿಗೆ ತಳ್ಳಿ ಬಿಳಿ ಬಟ್ಟೆ ಸುತ್ತಿ ಸೇವಂತಿಗೆ ಮಾಲೆ ಇಳಿಬಿಟ್ಟಿದ್ದರು. ನೆಲದ ತುಂಬ ಕೆಂಪು ಕಾರ್ಪೆಟ್. ಊಟದ ಸಾಲಿನಲ್ಲಿ ನಿಂತು ಕೆಳಗೆ ನೋಡಿದೆ. ಕಾರ್ಪೆಟಿನ ಎರಡು ತುಂಡುಗಳು ಸೇರುವಲ್ಲಿ ಒಂದು ಗೇಣಿನಷ್ಟು ಸಂದು ಬಿಟ್ಟಿತ್ತು. ಆ ಸಂದಿನಲ್ಲಿ ನೀಲಿ ನೆಲ, ಅದರ ಮೇಲೆ ಮಾಸಿದ ಬಿಳಿ ಗೆರೆಯೊಂದು ಬಾಗಿ ಹೋಗಿತ್ತು.

ಅದು ಮೂರು ಅಂಕದ ಗೆರೆ. ತಲೆಯೆತ್ತಿ ಎಡಕ್ಕೆ ನೋಡಿದೆ. ನಮ್ಮ ಟೇಬಲ್ ಇದ್ದ ಜಾಗದಲ್ಲಿ ಐಸ್‌ಕ್ರೀಮ್ ಹಂಚುತ್ತಿದ್ದರು. ಅಲ್ಲಿಂದ ನಾನು ನಿಂತಲ್ಲಿಗೆ ಹನ್ನೆರಡು ಹೆಜ್ಜೆ. ಅಳೆದು ನೋಡಬೇಕಾಗಿರಲಿಲ್ಲ.

ಜಯಶ್ರೀ ಬಿದ್ದದ್ದು ಇಲ್ಲಿ.

ಮೂರು ವರ್ಷದ ಹಿಂದಿನ ಬೇಸಗೆ ಅದು. ಮಹಿಳೆಯರ ಬಾಸ್ಕೆಟ್‌ಬಾಲಿಗೆ ವೃತ್ತಿಪರ ಲೀಗ್ ಶುರುವಾಗಿ, ಅದರ ಕೆಳಗೆ ಎರಡನೇ ದರ್ಜೆಯ ಲೀಗೊಂದು ಹುಟ್ಟಿಕೊಂಡಿತ್ತು. ಮೇಲಿನದು ದೊಡ್ಡ ನಗರಗಳಲ್ಲಿ, ಟಿವಿ ಕ್ಯಾಮೆರಾಗಳ ಮುಂದೆ ನಡೆಯುತ್ತಿತ್ತು. ಕೆಳಗಿನದಕ್ಕೆ ನಮ್ಮಂಥ ಸಣ್ಣ ಊರುಗಳು. ಪುತ್ತೂರಿಗೂ ಒಂದು ತಂಡ ಬಂತು. ಹನ್ನೆರಡು ಆಟಗಾರ್ತಿಯರು, ಹೆಚ್ಚಿನವರು ಕೇರಳ, ತಮಿಳುನಾಡಿನವರು, ಇಬ್ಬರು ಉತ್ತರದವರು. ಕಬಕದಲ್ಲಿ ಒಂದು ತಾರಸಿ ಮನೆ ಬಾಡಿಗೆಗೆ ಹಿಡಿದು ಎಲ್ಲರನ್ನೂ ಅದರಲ್ಲಿ ಇರಿಸಿದ್ದರು. ಕುಚ್ಚಲಕ್ಕಿ ಅನ್ನ ನೋಡಿ ಉತ್ತರದ ಹುಡುಗಿಯೊಬ್ಬಳು ಇದು ಬೇಯಲಿಲ್ಲ ಎಂದು ಮೂರು ದಿನ ತಟ್ಟೆ ಹಿಂದೆ ಕಳಿಸಿದ್ದಳಂತೆ. ಅವರೆಲ್ಲರ ಒಪ್ಪಂದ ಒಂದು ಹಂಗಾಮಿನದು. ಹಂಗಾಮಿನ ಕೊನೆಯ ಪಂದ್ಯ ನೋಡಲು ಮೇಲಿನ ಲೀಗಿನವರು ಬರುತ್ತಾರೆ, ಒಬ್ಬಿಬ್ಬರನ್ನು ಆರಿಸಿಕೊಳ್ಳುತ್ತಾರೆ. ಉಳಿದವರು ಮನೆಗೆ ಹೋಗಬೇಕು. ಮುಂದಿನ ವರ್ಷ ಕರೆ ಬಂದರೆ ಬಂತು.

ತಂಡದಲ್ಲಿ ನಮ್ಮ ಕಡೆಯವಳು ಒಬ್ಬಳೇ, ಕೊಯಿಲದ ಜಯಶ್ರೀ. ಅವಳ ಅಪ್ಪ ಕೊಯಿಲದ ಜಾನುವಾರು ಫಾರ್ಮಿನಲ್ಲಿ ಹುಲ್ಲು ಕತ್ತರಿಸುವ ಕೆಲಸದಲ್ಲಿದ್ದವರು. ನಾನು ಹಿಂದೆ ಕಡಬದ ಕಡೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದಾಗ ಅವಳು ಎಂಟನೇ ಕ್ಲಾಸಿಗೆ ಬಂದಳು. ಬೆಂಚಿನ ಕೆಳಗೆ ಮೊಣಕಾಲು ಹಿಡಿಸದೆ ಓರೆಯಾಗಿ ಕೂರುತ್ತಿದ್ದಳು. ಆ ಮೊಣಕಾಲು ನೋಡಿಯೇ ನಾನು ಬಾಲ್ ತಂದು ಅವಳ ಕೈಗೆ ಕೊಟ್ಟದ್ದು. ಇದನ್ನು ನೆನಪಿಡಬೇಕು. ಬಾಲ್ ಕೊಟ್ಟವಳು ನಾನು.

ಆ ಬೇಸಗೆಯ ಹೊತ್ತಿಗೆ ನನಗೆ ಕಬಕದ ಹತ್ತಿರಕ್ಕೆ ವರ್ಗವಾಗಿತ್ತು. ನಾನು ಪರೀಕ್ಷೆ ಬರೆದು ಅಂಕಣದ ಬದಿಯಲ್ಲಿ ಕೂತು ಸಮಯ, ಅಂಕ ನೋಡುವ ಟೇಬಲ್ ಅಧಿಕಾರಿಯಾಗಿದ್ದವಳಾದ್ದರಿಂದ ಲೀಗಿನವರು ಸಮಯಪಾಲಕಿಯಾಗಿ ಕರೆದರು. ಟೇಬಲಿನಲ್ಲಿ ನನ್ನ ಬಲಕ್ಕೆ ಕೂರುತ್ತಿದ್ದವರು ಹಮೀದ್ ಕಾಕ, ಅಂಕ ಬರೆಯುವವರು. ಪೇಟೆಯಲ್ಲಿ ಅವರದ್ದು ಆಟದ ಸಾಮಾನಿನ ಅಂಗಡಿ. ಪ್ರಾಯದಲ್ಲಿ ಆಡಿದವರು, ಮೂವತ್ತು ವರ್ಷದಿಂದ ಟೇಬಲಿನಲ್ಲಿ ಕೂತವರು. ನನಗೆ ಅವರು ಕಲಿಸಿದ ಮೊದಲ ಪಾಠ ಹೀಗಿತ್ತು: "ಟೀಚರೇ, ಇಲ್ಲಿ ಕೂತ ಮೇಲೆ ನಿಮಗೆ ಕಣ್ಣಿಲ್ಲ. ಕಿವಿ ಮಾತ್ರ. ವಿಸಿಲ್ ಬಂದ್ರೆ ಗಡಿಯಾರ ನಿಲ್ಲಿಸುದು. ವಿಸಿಲ್ ಬರ್ಲಿಲ್ಲಾಂದ್ರೆ ಮಾಡು ಹಾರಿ ಹೋದ್ರೂ ನಿಲ್ಲಿಸುದಲ್ಲ."

ಕೆಲಸ ಕೇಳಲು ಸುಲಭ. ಎದುರಿಗೆ ಎರಡು ಗುಂಡಿ, ಒಂದು ಗಡಿಯಾರದ್ದು, ಒಂದು ಹಾರ್ನಿನದ್ದು. ಆಟ ನಡೆಯುತ್ತಿರುವಾಗ ಹಾರ್ನ್ ಹೊಡೆಯುವಂತಿಲ್ಲ. ಎರಡನೇ ಪಂದ್ಯದಲ್ಲಿಯೇ ನಾನು ತಪ್ಪಿದೆ. ಎದುರು ತಂಡದ ಹುಡುಗಿ ನನ್ನ ಮುಂದೆಯೇ ಧೊಪ್ಪನೆ ಬಿದ್ದಳು. ಏಳಲಿಲ್ಲ. ನಾನು ಎರಡೂ ಗುಂಡಿ ಒತ್ತಿದೆ. ಹಾರ್ನ್ ಕೇಳಿ ರೆಫರಿ ವಿಸಿಲ್ ಊದಿದರು. ಅಷ್ಟು ಹೊತ್ತಿಗೆ ನಮ್ಮ ತಂಡದವಳು ಆಚೆ ಕಡೆ ಒಬ್ಬಳೇ ಬಾಸ್ಕೆಟಿನ ಅಡಿಗೆ ತಲುಪಿದ್ದಳು. ಬಾಲ್ ಬಳೆಯೊಳಗೆ ಬಿದ್ದದ್ದು ವಿಸಿಲಿನ ನಂತರ. ಅಂಕ ಕೊಡಲಿಲ್ಲ. ಒಂದು ಅಂಕದಿಂದ ಸೋತೆವು. ನಾನು ತಿರುಗಿ ನೋಡುವಾಗ, ಬಿದ್ದ ಹುಡುಗಿ ಕೂತು ಶೂ ಲೇಸು ಕಟ್ಟುತ್ತಿದ್ದಳು.

ಪಂದ್ಯದ ಉಸ್ತುವಾರಿಗೆ ಬಂದಿದ್ದವರು ಎಲ್ಲರ ಮುಂದೆ ಕೇಳಿದರು, "ನೀವು ರೆಫರಿಯಾ ಮೇಡಂ?" ಮರುದಿನ ಮೀನು ಮಾರ್ಕೆಟಿನಲ್ಲಿ ಬಂಗುಡೆ ತೂಗುತ್ತಿದ್ದ ಹೆಂಗಸು ಪಕ್ಕದವಳಿಗೆ ತುಳುವಿನಲ್ಲಿ, ಇವರೇ ಆ ಹಾರ್ನ್ ಟೀಚರ್ ಎಂದಳು. ಶಾಲೆಯಲ್ಲಿ ಹುಡುಗರು ನಾನು ಕಾರಿಡಾರಿನಲ್ಲಿ ಬರುವಾಗ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದರು. ಎರಡು ವಾರದಲ್ಲಿ ಎಲ್ಲರೂ ಮರೆತರು. ನನ್ನ ಬೆರಳು ಮರೆಯಲಿಲ್ಲ. ಅಂದಿನಿಂದ ಅದು ಹಾರ್ನಿನ ಗುಂಡಿಯಿಂದ ಎರಡು ಅಂಗುಲ ದೂರ ಇರುವುದನ್ನು ಕಲಿಯಿತು.

ಮಾರ್ಚ್ ಕೊನೆಗೆ ಸೆಕೆ ಏರಿತು. ಆ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಮೂರು ಗಂಟೆಗೆ ನಿಂತರೆ ನೆತ್ತಿಯ ಮೇಲೆ ಕಾವಲಿ ಇಟ್ಟ ಹಾಗಾಗುತ್ತಿತ್ತು. ಕರೆಂಟಿನ ಏರಿಳಿತಕ್ಕೆ ಗಡಿಯಾರ ಆಗಾಗ ಕೆಡುತ್ತಿದ್ದುದರಿಂದ ಶಾಲೆ ಬಿಟ್ಟ ಕೂಡಲೇ ಹೋಗಿ ಪರೀಕ್ಷಿಸುತ್ತಿದ್ದೆ. ಒಂದು ದಿನ ಹಾಗೆ ಹೋದಾಗ ಅಭ್ಯಾಸ ಮುಗಿದು ಎಲ್ಲರೂ ಹೊರಗೆ ನೀರು ಕುಡಿಯುತ್ತಿದ್ದರು. ವಯರ್ ತರಲೆಂದು ವೇದಿಕೆಯ ಹಿಂದಕ್ಕೆ ಹೋದೆ. ಅಲ್ಲಿ ಮಡಚಿಟ್ಟ ಕುರ್ಚಿಗಳ ನಡುವೆ ಜಯ ಕೂತಿದ್ದಳು.

"ಎಂತಾಯ್ತು ಜಯಾ?"

"ಎಂತ ಇಲ್ಲ ಟೀಚರ್."

"ಎಂತ ಇಲ್ಲದೆ ಕತ್ತಲೆಯಲ್ಲಿ ಬಂದು ಕೂತದ್ದಾ?"

"ಸೆಕೆ. ಬೆಳಿಗ್ಗೆ ತಿಂಡಿ ಸರಿ ತಿನ್ಲಿಲ್ಲ."

ಅವಳ ತುಟಿ ಬೂದಿ ಬಣ್ಣಕ್ಕಿತ್ತು. ಎಡಗೆನ್ನೆಯ ಮೇಲೆ ನೆಲದ ಚಾಪೆಯ ನೇಯ್ಗೆ ಅಚ್ಚೊತ್ತಿತ್ತು, ಒಂದೊಂದು ಎಳೆ ಎಣಿಸುವಷ್ಟು ಸ್ಪಷ್ಟವಾಗಿ. ಕೂತವರ ಕೆನ್ನೆಯಲ್ಲಿ ಆ ಗುರುತು ಮೂಡುವುದಿಲ್ಲ.

"ಬಿದ್ದೆಯಾ?"

"ಸ್ವಲ್ಪ."

"ಬೀಳುದರಲ್ಲಿ ಸ್ವಲ್ಪ ಅಂತ ಉಂಟಾ?"

ಅವಳು ನಕ್ಕಳು. ನಗುತ್ತಲೇ ನನ್ನ ಮಣಿಕಟ್ಟು ಹಿಡಿದಳು. ಅವಳ ಅಂಗೈ ತಣ್ಣಗಿತ್ತು. ಆ ಸೆಕೆಯಲ್ಲಿ ಅಷ್ಟು ತಣ್ಣಗೆ.

"ಟೀಚರ್, ಕೋಚಿಗೆ ಹೇಳ್ಬೇಡಿ ಆಯ್ತಾ. ಹೇಳಿದ್ರೆ ನನ್ನನ್ನು ಬೆಂಚಲ್ಲಿ ಕೂರಿಸ್ತಾರೆ. ಕೂರಿಸಿದ್ರೆ ಮುಗೀತು. ಮೇಲಿನವರು ಬರುವಾಗ ಬೆಂಚಲ್ಲಿ ಕೂತವಳನ್ನು ಯಾರು ನೋಡ್ತಾರೆ? ಮತ್ತೆ ಊರಿಗೆ ಹೋಗಿ ಫಾರ್ಮಿನ ದನಗಳಿಗೆ ಆಡಿ ತೋರಿಸುದಾ?"

ಡಾಕ್ಟರಿಗೆ ತೋರಿಸಿದರೆ ಮಾತ್ರ ಹೇಳುವುದಿಲ್ಲ ಎಂದೆ. ಮೂರು ದಿನ ಬಿಟ್ಟು ಅವಳು ಚೀಲದಿಂದ ಕೆಂಪು ಮಾತ್ರೆಗಳ ಹಾಳೆ ತೆಗೆದು ತೋರಿಸಿದಳು. "ಹೋದೆ ಟೀಚರ್. ರಕ್ತ ಕಡಿಮೆ ಅಂದ್ರು. ಅಷ್ಟೇ." ಯಾವ ಡಾಕ್ಟರು, ಚೀಟಿ ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳಲಿಲ್ಲ ಎನ್ನುವುದಕ್ಕಿಂತ, ಕೇಳದೆ ಇರುವುದು ನನಗೆ ಹಗುರವಾಗಿತ್ತು ಎನ್ನಬೇಕು.

ಆ ಮೇಲಿನ ಪಂದ್ಯಗಳಲ್ಲಿ ನಾನು ನೋಡಿದ್ದು ಅವಳೊಬ್ಬಳನ್ನು. ಅವಳು ಹಾರಿದರೆ ಅವಳ ಪಾದ ನೆಲ ಮುಟ್ಟುವುದನ್ನು ಕಾಯುತ್ತಿದ್ದೆ. ಅವಳು ಚೆನ್ನಾಗಿ ಆಡುತ್ತಿದ್ದಳು, ಅದೇ ಭಯ. ಚೆನ್ನಾಗಿ ಆಡಿದಷ್ಟು ಹೆಚ್ಚು ಹೊತ್ತು ಅವಳನ್ನು ಒಳಗೆ ಬಿಡುತ್ತಿದ್ದರು. ಕೊಯಿಲ, ಕೆದಂಬಾಡಿ ಕಡೆಯಿಂದ ಜೀಪುಗಳಲ್ಲಿ ಬಂದ ಜನ "ಜಯಾ, ಜಯಾ" ಎಂದು ತಗಡು ನಡುಗುವಷ್ಟು ಕೂಗುತ್ತಿದ್ದರು. ಒಮ್ಮೆ ವಿಸಿಲ್ ಆದ ಮೇಲೂ ಗಡಿಯಾರ ಓಡಿತು. ಹಮೀದ್ ಕಾಕ ಮೊಣಕೈಯಲ್ಲಿ ತಿವಿದರು.

"ನೀವು ಯಾರನ್ನು ನೋಡುದು ಟೀಚರೇ? ರೆಫರಿ ಆ ಕಡೆ ಉಂಟು."

"ಇಲ್ಲ, ಬೆವರು ಕಣ್ಣಿಗೆ ಹೋಯ್ತು."

"ನಿಮ್ಮ ಬೆವರಿಗೂ ನಾನು ಬರೀಲಿಕ್ಕೆ ಒಂದು ಕಾಲಂ ಮಾಡ್ಬೇಕಷ್ಟೆ," ಎಂದರು. ಆ ವಿಷಯ ಅಲ್ಲಿಗೆ ಬಿಟ್ಟರು.

ಏಪ್ರಿಲ್ ಹೀಗೆ ಕಳೆಯಿತು. ಅವಳು ಮತ್ತೆ ಬೀಳಲಿಲ್ಲ, ಕನಿಷ್ಠ ನನ್ನ ಕಣ್ಣಿಗೆ ಬೀಳಲಿಲ್ಲ. ಭಯ ನಿಧಾನಕ್ಕೆ ಅಭ್ಯಾಸವಾಗುತ್ತಿತ್ತು. ಕೊನೆಯ ಪಂದ್ಯ ಆದಿತ್ಯವಾರ ಪುತ್ತೂರಿನಲ್ಲೇ ಇತ್ತು. ಅದರ ಹಿಂದಿನ ಗುರುವಾರ ನಾನು ಕಡಬದಲ್ಲಿ ಶಾಲೆಯ ಕೆಲಸವೊಂದನ್ನು ಮುಗಿಸಿ ಬಸ್ಸಿನಲ್ಲಿ ಬರುವಾಗ ಕೊಯಿಲದಲ್ಲಿ ಇಳಿದೆ. ಜಯನ ಅಮ್ಮ ಕಮಲಕ್ಕನನ್ನು ಪಂದ್ಯಕ್ಕೆ ಕರೆಯೋಣ ಎಂದಷ್ಟೇ ಮನಸ್ಸಿನಲ್ಲಿದ್ದದ್ದು.

ಕಮಲಕ್ಕ ಬೆಲ್ಲ, ನೀರು ತಂದಿಟ್ಟರು. ಜಗಲಿಯ ಗೋಡೆಯಲ್ಲಿ ಒಬ್ಬ ಯುವಕನ ಫೋಟೋ ಇತ್ತು. ಉದ್ದ ಮುಖ, ಉದ್ದ ಕತ್ತು. ಜಯನಿಗೆ ಮೀಸೆ ಬರೆದ ಹಾಗೆ. ಮುಂಚೆಯೂ ಅದನ್ನು ನೋಡಿದ್ದೆ, ಯಾರೆಂದು ಕೇಳಿರಲಿಲ್ಲ.

"ನನ್ನ ತಮ್ಮ ಅಲ್ವಾ ಟೀಚರ್. ಹೊಳೆಯಲ್ಲಿ ಹೋದದ್ದು. ಇಪ್ಪತ್ತಾರು ಆಗಿತ್ತು."

"ಈಜು ಬರ್ತಿರ್ಲಿಲ್ವಾ?"

"ಈಜು ಬಾರದವನಾ ಅವ? ಮಳೆಗಾಲದಲ್ಲಿ ಕುಮಾರಧಾರೆ ದಾಟಿ ಆಚೆ ದಡ ಮುಟ್ಟಿ ಬರುವವ. ಅವತ್ತು ಬೇಸಗೆ. ನೀರು ಎದೆಮಟ್ಟವೂ ಇರ್ಲಿಲ್ಲ. ನಾಲ್ಕು ಕೈ ಹೊಡೆದನಂತೆ, ಮತ್ತೆ ಮಲಗಿದ ಹಾಗೆ ಆದನಂತೆ. ದಡದಲ್ಲಿ ಇದ್ದವರು, ಇವ ನಾಟಕ ಮಾಡುದು ಅಂತ ನೋಡ್ತಾ ನಿಂತರು. ನಿಂತೇ ಇದ್ರು."

ನಾನು ಲೋಟ ಕೆಳಗಿಟ್ಟೆ.

"ಆ ನೀರಲ್ಲಿ ಎಂತದೋ ಉಂಟು ಅಂತ ಹೇಳ್ತಾರೆ," ಎಂದರು ಕಮಲಕ್ಕ. "ಆಮೇಲೆ ನಮ್ಮ ಮನೆಯ ಮಕ್ಕಳನ್ನು ಒಬ್ಬರನ್ನೂ ಹೊಳೆಗೆ ಇಳಿಲಿಕ್ಕೆ ಬಿಡ್ಲಿಲ್ಲ. ಜಯನನ್ನೂ ಬಿಡ್ಲಿಲ್ಲ. ನೀವು ಬಾಲ್ ಆಡಿಸ್ತೇನೆ ಅಂತ ಬಂದಾಗ ಇವರು ಬೇಡ ಅಂದಿದ್ರು, ನಿಮಗೆ ನೆನಪುಂಟಾ? ನಾನೇ ಹೇಳಿದ್ದು, ಹೋಗ್ಲಿ, ಅದು ನೆಲದ ಮೇಲೆ ಆಡುದಲ್ವಾ, ನೀರಿನ ಹತ್ತಿರ ಹೋಗುದಿಲ್ಲ ಅಲ್ವಾ ಅಂತ."

ವಾಪಸು ಬರುವ ಬಸ್ಸು ಹತ್ತಿದೆ. ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ನನಗೆ ವೈದ್ಯ ಗೊತ್ತಿಲ್ಲ. ಆದರೆ ಪಿ.ಟಿ. ಟೀಚರ್ ಆದವರಿಗೆ ತರಬೇತಿಯಲ್ಲಿ ಒಂದು ಪ್ರಶ್ನೆ ಕಲಿಸುತ್ತಾರೆ. ಓಡುವಾಗ ಬಿದ್ದ ಮಗುವಿನ ಮನೆಯಲ್ಲಿ ಎಳೆ ಪ್ರಾಯದಲ್ಲಿ ಹಠಾತ್ತಾಗಿ ಸತ್ತವರು ಯಾರಾದರೂ ಇದ್ದಾರೆಯೇ ಎಂದು ಕೇಳಬೇಕು. ಐದು ವಾರ ಆ ಪ್ರಶ್ನೆ ನನಗೆ ನೆನಪಾಗಿರಲಿಲ್ಲ. ಉತ್ತರ ಸಿಕ್ಕಿದ ಮೇಲೆ ನೆನಪಾಯಿತು.

ನೇರ ಕಬಕದ ಮನೆಗೆ ಹೋದೆ. ಜಯ ಜಗಲಿಯಲ್ಲಿ ಕೂತು ಶೂಗಳನ್ನು ಬಿಸಿಲಿಗೆ ತಿರುಗಿಸಿ ಇಡುತ್ತಿದ್ದಳು. ಎಲ್ಲ ಹೇಳಿದೆ.

"ಮಾವನದ್ದು ಹೊಳೆ ಟೀಚರ್."

"ಹೊಳೆ ಅಲ್ಲದಿದ್ರೆ? ನೀರು ಕುಡಿದು ಹೋದದ್ದಲ್ಲದಿದ್ರೆ?"

ಅವಳು ಶೂ ಕೆಳಗಿಟ್ಟಳು. ಮತ್ತೆ ಎತ್ತಿ ಅದರ ಲೇಸು ಬಿಚ್ಚಿದಳು, ಕಟ್ಟಿದಳು. ಅವಳಿಗೂ ಹೆದರಿಕೆ ಇತ್ತು ಎಂದು ನನಗೆ ಆಗ ಮೊದಲ ಬಾರಿ ಕಂಡಿತು. ನನಗಿಂತ ಮುಂಚಿನಿಂದ ಇದ್ದ ಹೆದರಿಕೆ.

"ಸೋಮವಾರ ಮಂಗಳೂರಿಗೆ ಹೋಗುವ. ನೀವೇ ಕರ್ಕೊಂಡು ಹೋಗಿ. ಯಾವ ಡಾಕ್ಟ್ರು ಹೇಳ್ತೀರೋ ಆ ಡಾಕ್ಟ್ರು. ಆದಿತ್ಯವಾರ ಒಂದೇ ಒಂದು ಮ್ಯಾಚ್ ಬಿಡಿ ಟೀಚರ್. ನಲ್ವತ್ತು ನಿಮಿಷ."

ಕೋಚ್ ಒಳಗೆ ಹಜಾರದಲ್ಲಿದ್ದರು. ಅವರ ಫೋನಿನ ಮಾತು ಕೇಳುತ್ತಿತ್ತು. ಬಾಗಿಲು ನಾಲ್ಕು ಹೆಜ್ಜೆಯಲ್ಲಿತ್ತು.

"ಆಯ್ತು," ಎಂದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು.

ಆದಿತ್ಯವಾರ ಮಧ್ಯಾಹ್ನ ಎರಡೂವರೆಗೇ ಕ್ರೀಡಾಂಗಣಕ್ಕೆ ಹೋದೆ. ಗೇಟಿನ ಹೊರಗೆ ಆಂಬುಲೆನ್ಸ್ ನಿಂತಿತ್ತು. ಪಂದ್ಯಕ್ಕೆ ಅದು ಇರಲೇಬೇಕೆಂಬ ನಿಯಮವಿತ್ತು. ಹೃದಯಕ್ಕೆ ಶಾಕ್ ಕೊಡುವ ಪೆಟ್ಟಿಗೆ ಉಂಟಾ ಎಂದು ಡ್ರೈವರನ್ನು ಕೇಳಿದೆ.

"ಉಂಟು."

"ಅದನ್ನು ಒಳಗೆ ನಮ್ಮ ಟೇಬಲಿನ ಕೆಳಗೆ ಇಡುವ."

"ಅದು ಗಾಡಿಯಲ್ಲೇ ಇರ್ಬೇಕು ಟೀಚರೇ. ಇಳಿಸ್ಲಿಕ್ಕೆ ಆರ್ಡರ್ ಇಲ್ಲ."

ಹಿಂದಿನಿಂದ ಹಮೀದ್ ಕಾಕ ಬಂದರು. ಅಂಕದ ಹಾಳೆಗಳ ಕಟ್ಟು ಕಂಕುಳಲ್ಲಿತ್ತು. "ಎಂತ ಮಾರಾಯ, ಇನ್ನು ಎರಡು ಗಂಟೆಯಲ್ಲಿ ನಿನ್ನ ಗಾಡಿಯ ಎದುರು ಇನ್ನೂರು ಬೈಕ್ ನಿಲ್ತದೆ. ನೀನೇ ಹೊರಗೆ ಬರ್ಲಿಕ್ಕೆ ಹಾರ್ನ್ ಹೊಡೀಬೇಕು. ಹಾರ್ನ್ ಹೊಡೆದವರ ಕಥೆ ಬೇಕಿದ್ರೆ ಈ ಟೀಚರನ್ನು ಕೇಳು. ಕೊಡು ಇಲ್ಲಿ, ನಾನು ಸೈನ್ ಹಾಕ್ತೇನೆ."

ಪೆಟ್ಟಿಗೆ ಹಿಡಿದುಕೊಂಡು ಒಳಗೆ ನಡೆಯುವಾಗ ಅವರು ಮೆತ್ತಗೆ ಕೇಳಿದರು, "ಯಾರಿಗೆ ಇದು?"

"ಸೆಕೆ ಅಲ್ವಾ ಕಾಕ. ಯಾರಿಗಾದ್ರೂ."

ಅವರು ನನ್ನ ಮುಖ ನೋಡಿದರು. ಹೋಗಿ ಅದನ್ನು ಟೇಬಲಿನ ಕೆಳಗೆ ಇಟ್ಟರು. ಪೆಟ್ಟಿಗೆಯನ್ನು ತರಿಸಿದೆ, ಹೆಸರು ಹೇಳಲಿಲ್ಲ. ಹೆಸರು ಹೇಳಿದ್ದರೆ ಪೆಟ್ಟಿಗೆ ಬೇಕಾಗುತ್ತಿರಲಿಲ್ಲ. ಇದನ್ನು ಮೂರು ವರ್ಷದಿಂದ ನನ್ನೊಳಗೇ ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದ್ದೇನೆ. ಹೇಗೆ ಹೇಳಿದರೂ ಅದು ಅಷ್ಟೇ.

ಪಂದ್ಯ ಐದು ಗಂಟೆಗೆ ಶುರುವಾಯಿತು. ಮೇಲಿನ ಲೀಗಿನವರು ಮೂವರು ಬಂದಿದ್ದರು, ಎದುರು ಬದಿಯ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಮೊದಲ ಅರ್ಧದಲ್ಲಿ ಜಯ ಆಡಿದ ಆಟವನ್ನು ನಾನು ವರ್ಣಿಸಲಾರೆ. ನಾನು ಆಟ ನೋಡಲಿಲ್ಲ, ಅವಳ ತುಟಿಯ ಬಣ್ಣ ನೋಡುತ್ತಿದ್ದೆ. ವಿರಾಮದಲ್ಲಿ ಆ ಮೂವರಲ್ಲಿ ಒಬ್ಬರು ಎದ್ದು ಬಂದು ಹಮೀದ್ ಕಾಕನ ಹಾಳೆಯಲ್ಲಿ ಅವಳ ಸಂಖ್ಯೆಯ ಮೇಲೆ ಬೆರಳಿಟ್ಟು ಹೆಸರು ಕೇಳಿದರು. ಜಯ ಬೆಂಚಿನಿಂದ ಅದನ್ನು ಕಂಡಳು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಮೂರನೇ ಕ್ವಾರ್ಟರ್. ಎದುರು ತಂಡದವರು ಎಸೆದ ಬಾಲ್ ಬಳೆಗೆ ತಾಗಿ ಹಿಂದೆ ಬಂತು. ಜಯ ಎಲ್ಲರಿಗಿಂತ ಮೇಲೆ ಹಾರಿ ಅದನ್ನು ಹಿಡಿದಳು, ಇಳಿದಳು, ಮುಂದಕ್ಕೆ ಉದ್ದ ಪಾಸ್ ಕೊಟ್ಟಳು. ಹತ್ತು ಜನರಲ್ಲಿ ಒಂಬತ್ತು ಜನ ಆ ಬಾಲಿನ ಹಿಂದೆ ಆಚೆ ಕಡೆಗೆ ಓಡಿದರು. ರೆಫರಿಗಳಿಬ್ಬರೂ ಓಡಿದರು. ಇಡೀ ಕ್ರೀಡಾಂಗಣದ ಕಣ್ಣು ಆಚೆ ಹೋಯಿತು. ಜಯ ಎರಡು ಹೆಜ್ಜೆ ಇಟ್ಟಳು. ಮೂರನೆಯದನ್ನು ಇಡುವಾಗ ಅವಳ ಮೊಣಕಾಲು ಮಡಚಿತು. ಕೈ ಮುಂದೆ ಚಾಚಲಿಲ್ಲ. ಬೀಳುವವರು ಕೈ ಚಾಚುತ್ತಾರೆ, ನಾನು ಇಪ್ಪತ್ತು ವರ್ಷ ಮಕ್ಕಳು ಬೀಳುವುದನ್ನು ನೋಡಿದವಳು. ಅವಳು ಕೈ ಚಾಚದೆ ಮುಖದ ಮೇಲೆ ಬಿದ್ದಳು, ಗೆರೆಯ ಒಳಗೆ, ನನ್ನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ.

ನಾನು ಗಡಿಯಾರ ನೋಡಿದೆ. ಕ್ವಾರ್ಟರ್ ಮುಗಿಯಲು ನಾಲ್ಕು ನಿಮಿಷ ಮೂವತ್ತೇಳು ಸೆಕೆಂಡು.

ಬಿದ್ದವಳನ್ನು ನೋಡುವ ಬದಲು ಗಡಿಯಾರ ನೋಡಿದೆ. ಅದು ನನ್ನ ಕೆಲಸವಾಗಿತ್ತು. ಆಮೇಲೆ ವಿಸಿಲಿಗೆ ಕಾದೆ. ಆಚೆ ಕಡೆ ನಮ್ಮವರು ಬಾಲ್ ಎಸೆದರು, ತಪ್ಪಿತು. ಮತ್ತೆ ಹಿಡಿದರು, ಮತ್ತೆ ಎಸೆದರು. ಜನ ಎದ್ದು ನಿಂತರು. ಮೂವತ್ತೆರಡು. ಜಯನ ಬಲಗಾಲು ಎರಡು ಸಲ ಅದುರಿತು. ಅವಳು ಏಳುತ್ತಾಳೆ, ಶೂ ಲೇಸು ಕಟ್ಟುತ್ತಾಳೆ ಎಂದು ನನ್ನ ತಲೆಯ ಒಂದು ಭಾಗ ಹೇಳುತ್ತಿತ್ತು. ಇನ್ನೊಂದು ಭಾಗಕ್ಕೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದವಳು ಆ ಸಭೆಯಲ್ಲಿ ನಾನೊಬ್ಬಳೇ. ಇಪ್ಪತ್ತೊಂಬತ್ತು. ಕಮಲಕ್ಕ ಗ್ಯಾಲರಿಯಲ್ಲಿ ಎಲ್ಲೋ ಕೂತಿದ್ದರು. ದಡದಲ್ಲಿ ನಿಂತವರು ನೋಡ್ತಾ ನಿಂತೇ ಇದ್ದರು ಎಂದಿದ್ದರು ಅವರು.

ಇಪ್ಪತ್ತಾರಕ್ಕೆ ನಾನು ಎರಡೂ ಗುಂಡಿ ಒತ್ತಿದೆ. ಒತ್ತಿದ ಬೆರಳು ತೆಗೆಯಲಿಲ್ಲ. ಆ ಹಾರ್ನ್ ಎಷ್ಟು ಹೊತ್ತು ಕೂಗಿತೋ ನನಗೆ ತಿಳಿಯದು, ಆ ಒಂದನ್ನು ನಾನು ಎಣಿಸಲಿಲ್ಲ. ಜನ ಬೊಬ್ಬೆ ಹೊಡೆದರು. ರೆಫರಿ ಕೆಂಪಾದ ಮುಖದಲ್ಲಿ ಕೈಯೆತ್ತಿಕೊಂಡು ಟೇಬಲಿನ ಕಡೆಗೆ ಬರುತ್ತಿದ್ದರು. ನಾನು ಬೆರಳು ತೋರಿಸಿದೆ. ಅವರು ತಿರುಗಿ ನೋಡಿದರು.

ತಂಡದ ಫಿಸಿಯೋ ದಿವ್ಯಾ, ಸುಳ್ಯದಲ್ಲಿ ಓದಿದ ಹುಡುಗಿ, ಎಲ್ಲರಿಗಿಂತ ಮೊದಲು ತಲುಪಿದಳು. ಜಯನನ್ನು ಮಗುಚಿ ಮಲಗಿಸಿದಳು. ಜಯನ ಬಾಯಿ ಮೀನಿನ ಹಾಗೆ ತೆರೆದು ಮುಚ್ಚಿತು, ಗೊರ ಗೊರ ಸದ್ದು ಬಂತು. "ಉಸಿರು ಉಂಟು, ಉಸಿರು ಉಂಟು," ಎಂದರು ಯಾರೋ. ಗ್ಯಾಲರಿಯಿಂದ ಒಬ್ಬರು ಕೀಗೊಂಚಲು ಹಿಡಿದು ಓಡಿ ಬಂದು ಅದನ್ನು ಅವಳ ಅಂಗೈಗೆ ತುರುಕಿದರು. "ಫಿಟ್ಸ್. ಕಬ್ಬಿಣ ಹಿಡಿಸಿ." ದಿವ್ಯಾ ಆ ಕೈಯನ್ನು ತಳ್ಳಿದಳು. "ಫಿಟ್ಸ್ ಅಲ್ಲ, ಇದು ಉಸಿರೂ ಅಲ್ಲ. ದೂರ ಹೋಗಿ." ಎರಡೂ ಕೈ ಜೋಡಿಸಿ ಎದೆ ಒತ್ತತೊಡಗಿದಳು. ನಾನು ಪೆಟ್ಟಿಗೆ ತಂದೆ. ಹನ್ನೆರಡು ಹೆಜ್ಜೆ.

ಆ ಪೆಟ್ಟಿಗೆ ಇಂಗ್ಲಿಷಿನಲ್ಲಿ ಮಾತಾಡಿತು. ಯಾರದ್ದೋ ಮನೆಯ ಹೆಣ್ಣುಮಗಳ ಹಾಗೆ ಸಮಾಧಾನದ ದನಿ. ಅವಳನ್ನು ಯಾರೂ ಮುಟ್ಟಬೇಡಿ ಎಂದಿತು. ಎಲ್ಲರೂ ಹಿಂದೆ ಸರಿದರು. ಜಯನ ಮೈ ಒಮ್ಮೆ ನೆಲದಿಂದ ಜಿಗಿಯಿತು. ದಿವ್ಯಾ ಮತ್ತೆ ಒತ್ತಿದಳು. ಅಷ್ಟು ಜನ ಇದ್ದ ಕ್ರೀಡಾಂಗಣದಲ್ಲಿ ಅವಳು ಎಣಿಸುವ ಸ್ವರ ಮಾತ್ರ ಕೇಳುತ್ತಿತ್ತು. ಗೋಡೆಯ ಮೇಲೆ ನಾಲ್ಕು ಇಪ್ಪತ್ತಾರು ಕೆಂಪಾಗಿ ಉರಿಯುತ್ತಿತ್ತು. ಪೆಟ್ಟಿಗೆ ಎರಡನೇ ಸಲ ಹೇಳಿತು. ಎರಡನೇ ಸಲ ಜಿಗಿದ ಮೇಲೆ ಜಯನ ಎಡಗೈಯ ಬೆರಳುಗಳು ಮುಚ್ಚಿದವು, ತೆರೆದವು. ದಿವ್ಯಾ ಅವಳ ಕತ್ತಿಗೆ ಬೆರಳಿಟ್ಟು ಹಾಗೆಯೇ ಕುಳಿತಳು. ಆಮೇಲೆ ಅಳತೊಡಗಿದಳು. ನಾಡಿ ಮರಳಿದೆ ಎಂದು ನಮಗೆ ಗೊತ್ತಾದದ್ದು ಅದರಿಂದ.

ಮಂಗಳೂರಿನಲ್ಲಿ ಡಾಕ್ಟರು ಕಮಲಕ್ಕನನ್ನು ಕೂರಿಸಿ ಮೊದಲು ಕೇಳಿದ್ದು ಆ ಪ್ರಶ್ನೆಯನ್ನೇ. ಎದೆಬಡಿತದ ಲಯ ತಪ್ಪುವ ಕಾಯಿಲೆ, ರಕ್ತದಲ್ಲಿ ಬರುವಂಥದ್ದು, ಓಟದಲ್ಲೋ ಈಜಿನಲ್ಲೋ ಎರಗುವಂಥದ್ದು ಎಂದರು. ಹೊಳೆಯ ನೀರಿನಲ್ಲಿ ಎಂತದೂ ಇರಲಿಲ್ಲ. ಜಯನ ಎದೆಯ ಚರ್ಮದ ಕೆಳಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಯಂತ್ರವೊಂದನ್ನು ಇಟ್ಟರು. ಲಯ ತಪ್ಪಿದರೆ ಅದು ಒಳಗಿನಿಂದಲೇ ಶಾಕ್ ಕೊಡುತ್ತದೆ. ಇನ್ನು ಆಡುವಂತಿಲ್ಲ ಎಂದರು. ಮೇಲಿನ ಲೀಗಿನವರ ಪಟ್ಟಿಯಲ್ಲಿ ಅವಳ ಹೆಸರು ಇತ್ತಂತೆ. ಇದನ್ನು ಹಮೀದ್ ಕಾಕ ನನಗೆ ಹೇಳಿದರು, ನಾನು ಅವಳಿಗೆ ಹೇಳಲಿಲ್ಲ.

ಊರಿನವರು ನನಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ವಿಸಿಲಿಗೆ ಕಾಯದೆ, ನಿಯಮ ಮುರಿದು ಹಾರ್ನ್ ಹೊಡೆದು ಜೀವ ಉಳಿಸಿದ ಟೀಚರ್ ಎಂದು ಭಾಷಣ ಮಾಡಿದರು. ಹಾರ್ನ್ ಟೀಚರ್ ಎಂಬ ಹೆಸರು ಮತ್ತೆ ಬಂತು, ಈ ಸಲ ಗೌರವದಿಂದ. ಮೈಕಿನ ಮುಂದೆ ಸತ್ಯ ಹೇಳಬೇಕೆಂದು ನಿಂತೆ. "ನಮಸ್ಕಾರ" ಎಂದು ಇಳಿದೆ. ಮನೆಗೆ ಹೋಗಿ ಪಂದ್ಯದ ವೀಡಿಯೋ ಹಾಕಿ ನೋಡಿದೆ. ಮೂವತ್ತೇಳರಿಂದ ಇಪ್ಪತ್ತಾರು. ಮತ್ತೆ ಹಾಕಿದೆ. ಪ್ರತಿ ಸಲವೂ ಹನ್ನೊಂದು.

ಮುಂದಿನ ವರ್ಷ ಲೀಗ್ ಪುತ್ತೂರಿಗೆ ಬರಲಿಲ್ಲ. ನಾನು ಮತ್ತೆ ಟೇಬಲಿನಲ್ಲಿ ಕೂರಲಿಲ್ಲ.

"ಟೀಚರ್, ಕಾರ್ಪೆಟ್ ಕದಿಲಿಕ್ಕೆ ನೋಡುದಾ?"

ತಲೆಯೆತ್ತಿದೆ. ಜಯ ಎರಡು ಐಸ್‌ಕ್ರೀಮ್ ಕಪ್ ಹಿಡಿದು ನಿಂತಿದ್ದಳು. ಮದುಮಗಳು ಅವಳ ಸಹಪಾಠಿ, ಬರುತ್ತಾಳೆಂದು ನನಗೆ ಗೊತ್ತಿರಬೇಕಿತ್ತು. ಈಗ ಸುಳ್ಯದ ಕಡೆ ಒಂದು ಶಾಲೆಯಲ್ಲಿ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತಾಳೆ, ಕುರ್ಚಿಯಲ್ಲಿ ಕೂತು. ಅವಳೂ ಆ ಸಂದಿನತ್ತ ಬಗ್ಗಿ ನೋಡಿದಳು. ಗೆರೆ ಕಂಡಿತು. ನಗು ನಿಂತಿತು.

"ಇಲ್ಲಿಯಾ?"

"ಇಲ್ಲಿ."

ಊಟದ ಸಾಲಿನಿಂದ ಹೊರಗೆ ಬಂದು ಗೋಡೆಯ ಬದಿಯ ಕುರ್ಚಿಗಳಲ್ಲಿ ಕೂತೆವು. ನಾನು ಹೇಳಿದೆ. ಮೂರು ವರ್ಷದಿಂದ ಹೇಳದಿದ್ದುದನ್ನು ಹೇಳಿದೆ. ನಾನು ಕೂಡಲೇ ಒತ್ತಲಿಲ್ಲ, ಕಾದೆ, ಹನ್ನೊಂದು ಸೆಕೆಂಡು ಎಂದೆ. ಕಬಕದ ಜಗಲಿಯಲ್ಲಿ ಆಯ್ತು ಎಂದದ್ದನ್ನೂ ಹೇಳಿದೆ. ಅದು ಅವಳಿಗೆ ಗೊತ್ತಿತ್ತಲ್ಲ.

ಅವಳು ಐಸ್‌ಕ್ರೀಮನ್ನು ಚಮಚದಲ್ಲಿ ಕೆದಕುತ್ತಾ ಕೂತಳು. ಅದು ಕರಗಿ ನೀರಾಗುತ್ತಿತ್ತು.

"ಹನ್ನೊಂದು ಸೆಕೆಂಡಾ?" ಎಂದಳು ಕೊನೆಗೆ. "ಅಷ್ಟರಲ್ಲಿ ನಾನು ಎರಡು ಬಾಸ್ಕೆಟ್ ಹಾಕ್ತಿದ್ದೆ ಟೀಚರ್."

ನನ್ನ ಮುಖ ನೋಡಿ ನಕ್ಕಳು. ನಾನು ನಗಲು ನೋಡಿದೆ. ಅವಳು ಕಪ್ ಕೆಳಗಿಟ್ಟು, ಕೈ ಅಂಟಾಯ್ತು, ತೊಳ್ಕೊಂಡು ಬರ್ತೇನೆ ಎಂದು ಎದ್ದಳು. ಹಿಂದಿನ ಬಾಗಿಲಿನ ಪರದೆ ಸರಿಸಿ ಆಚೆ ಹೋದಳು. ಪರದೆ ಮುಚ್ಚಿತು. ಅದು ವೇದಿಕೆಯ ಹಿಂದಿನ ಜಾಗ. ಮಡಚಿಟ್ಟ ಕುರ್ಚಿಗಳು ಈಗಲೂ ಅಲ್ಲಿಯೇ ಇರಬಹುದು.

ವಾಚು ನೋಡಿದೆ. ಹತ್ತು ಸೆಕೆಂಡಾಗುವಾಗ ಎದ್ದಿದ್ದೆ.

ನಲ್ಲಿಯ ಹತ್ತಿರ ಅವಳು ಬೆರಳುಗಳನ್ನು ಒಂದೊಂದಾಗಿ ತೊಳೆಯುತ್ತಿದ್ದಳು. ಹೆಜ್ಜೆ ಸದ್ದಿಗೆ ತಿರುಗಿದಳು.

"ಎಂತ ಟೀಚರ್?"

"ಎಂತ ಇಲ್ಲ," ಎಂದೆ. "ಸೆಕೆ."

ಅವಳು ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದಳು. ಹಿಡಿದುಕೊಂಡೇ ಒಳಗೆ ಕರೆದುಕೊಂಡು ಬಂದಳು, ನಿಧಾನವಾಗಿ, ನಾನು ಬೀಳುವವಳೋ ಎಂಬ ಹಾಗೆ.